ಹದಿನೇಳನೇ ಮನೆ: ಕಾಯಿಲೆ ಇಲ್ಲ

ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಬೇಕಂತೆ. ಮುಖ ಕಾಣುವುದಿಲ್ಲವಂತೆ.

ದೊಡ್ಡಕ್ಕ ಬಿಚ್ಚಿದಳು. ಖಾಲಿ ಸಿಮೆಂಟ್ ಚೀಲವೊಂದನ್ನು ಎತ್ತಿ, ಒಳಗನ್ನು ಹೊರಗು ಮಾಡಿ, ಎರಡು ತುದಿ ಹಿಡಿದು ಕಂಬಕ್ಕೆ ಬಡಿದಳು. ಬೂದು ಧೂಳು ಭುಸ್ಸೆಂದು ಎದ್ದು ಕಣ್ಣು, ಮೂಗು, ಬಾಯಿಗೆ ನುಗ್ಗಿತು. ಕ್ಯಾಮೆರಾ ಹಿಡಿದ ಪರದೇಶದ ಹುಡುಗ ತನ್ನ ಭಾಷೆಯಲ್ಲಿ ಏನೋ ಅಂದ. ಪಕ್ಕದಲ್ಲಿದ್ದ ದುಭಾಷಿ ಹುಡುಗಿ, "ಅಮ್ಮಾ, ಇನ್ನೊಂದ್ಸಲ ಮಾಡ್ತೀರಾ? ಬೆಳಕು ಸರಿ ಬರ್ಲಿಲ್ವಂತೆ" ಅಂದಳು. ಇನ್ನೊಂದು ಸಲ ಆಯಿತು. ಮತ್ತೊಂದು ಸಲ ಆಯಿತು. ಆರನೆಯ ಸಲಕ್ಕೆ ದೊಡ್ಡಕ್ಕನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಸೊಂಟ ಹಿಡಿದು ಬಗ್ಗಿ ಕೆಮ್ಮಿದಳು. ಕೆಮ್ಮಿದ್ದು ಚೆನ್ನಾಗಿ ಬಂದಿದೆಯಂತೆ. ಅಷ್ಟು ಸಾಕಂತೆ.

ಇವರು ಬಡತನ ಓದುವವರು. ದೂರದ ದೇಶದ ಕಾಲೇಜಿನಿಂದ ವಿಮಾನ ಹತ್ತಿ, ಮೇಷ್ಟ್ರ ಹಿಂದೆ ಹನ್ನೆರಡು ಮಂದಿ ಸಾಲಾಗಿ ಬಂದಿದ್ದರು. ಹೋದ ವರ್ಷವೂ ಬಂದಿದ್ದರು. ಓದಲು ಅಲ್ಲಿ ಬಡತನ ಸಿಗಲಿಲ್ಲವೋ ಏನೋ, ಸಮುದ್ರ ದಾಟಿ ಈ ಓಣಿಯನ್ನೇ ಹುಡುಕಿಕೊಂಡು ಬಂದರು. ಓಣಿಯವರು ಅವರಿಗೆ 'ಪ್ರಶ್ನೆಯವರು' ಎಂದು ಹೆಸರಿಟ್ಟಿದ್ದರು. ಅವರಲ್ಲೊಬ್ಬಳು ನೀರು ಕೊಟ್ಟರೆ ಥ್ಯಾಂಕ್ಯು, ಚಾಪೆ ಹಾಸಿದರೆ ಥ್ಯಾಂಕ್ಯು, ನಾಯಿ ದಾರಿ ಬಿಟ್ಟರೂ ಥ್ಯಾಂಕ್ಯು ಅನ್ನುತ್ತಿದ್ದಳು. ಅವಳ ಹೆಸರೇ ಥ್ಯಾಂಕ್ಯು ಆಗಿಹೋಗಿತ್ತು.

ಚೀಲ ಕೊಡವುವುದು ಎಂದರೇನೆಂದು ಹೇಳಬೇಕು. ಊರಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತದೆ. ಅಲ್ಲಿ ಖಾಲಿಯಾದ ಚೀಲಗಳು ಲಾರಿಯಲ್ಲಿ ಈ ಶೆಡ್ಡಿಗೆ ಬರುತ್ತವೆ. ಎಷ್ಟೇ ಸುರಿದರೂ ಚೀಲದ ಮೂಲೆಯಲ್ಲಿ, ಹೊಲಿಗೆಯ ಸಂದಿಯಲ್ಲಿ ಒಂದು ಹಿಡಿ ಸಿಮೆಂಟು ಉಳಿದಿರುತ್ತದೆ. ಆ ಒಂದು ಹಿಡಿಗಾಗಿ ಇಪ್ಪತ್ತೆರಡು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಚೀಲ ಬಡಿಯುತ್ತಾರೆ. ಉದುರಿದ್ದನ್ನು ಗುಡಿಸಿ ಜರಡಿ ಹಿಡಿಯುತ್ತಾರೆ. ಚೀಲ ತೊಳೆದು, ಹರಿದದ್ದನ್ನು ಹೊಲಿಯುತ್ತಾರೆ. ಗಾಳಿ ಆಡಿದರೆ ಧೂಳು ಹಾರಿ ನಷ್ಟವಾಗುತ್ತದೆಂದು ಧಣಿ ಶೆಡ್ಡಿನ ಎರಡು ಕಿಟಕಿಗೂ ಹಲಗೆ ಬಡಿಸಿದ್ದಾನೆ. ಧೂಳು ಹೊರಗೆ ಹೋಗಬಾರದು. ಹೋಗುವುದಾದರೆ ಹೆಂಗಸರ ಒಳಗೆ ಹೋಗಲಿ.

ಸಿಮೆಂಟಿಗೆ ನೀರು ಸೋಕಿದರೆ ಗಟ್ಟಿಯಾಗುತ್ತದೆ. ಅದರ ಗುಣವೇ ಅದು. ಬೆವರೂ ನೀರೇ. ಹುಬ್ಬಿನಲ್ಲಿ, ತಲೆಗೂದಲಿನಲ್ಲಿ, ಬೆರಳ ಸಂದಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಸಂಜೆ ಕಲ್ಲಿನಿಂದ ಉಜ್ಜಿ ಬಿಡಿಸಬೇಕು. ಬಿಡಿಸಿದ ಕಡೆ ಚರ್ಮ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಕಡೆ ಮಾರನೆಯ ದಿನ ಮತ್ತೆ ಸಿಮೆಂಟು ಸೇರಿ ಉರಿಯುತ್ತದೆ. ಇಷ್ಟೆಲ್ಲ ಹೊರಗಿನ ಮಾತು. ಒಳಗೆ, ಎದೆಯಲ್ಲಿ ಕಟ್ಟಿಕೊಂಡದ್ದನ್ನು ಉಜ್ಜುವ ಕಲ್ಲು ಇನ್ನೂ ಎಲ್ಲೂ ಸಿಕ್ಕಿಲ್ಲ.

ದೊಡ್ಡಕ್ಕನ ತಂಗಿಗೆ ಒಳಗೆ ಕಟ್ಟಿಕೊಂಡಿತ್ತು. ಅಕ್ಕನಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ತಾಯಿ ಸತ್ತ ಮೇಲೆ ಹನ್ನೆರಡರ ಹುಡುಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ, ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಬಂದವಳು ದೊಡ್ಡಕ್ಕನೇ. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೈಯನ್ನೇ ಕಡಿದುಹಾಕುವಷ್ಟು ಸಿಟ್ಟು ಬರುತ್ತಿತ್ತು. ಈಗ ತಂಗಿಗೆ ಮೂವತ್ತೈದು. ಚೀಲ ಎತ್ತುವುದಿರಲಿ, ಚೊಂಬು ಎತ್ತಿದರೂ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಮೊದಲು ಹೀಗಿರಲಿಲ್ಲ. ಪಾಲಿಕೆಯ ಆರೋಗ್ಯದ ಗಾಡಿ ವಾರಕ್ಕೆ ಎರಡು ಸಲ ಓಣಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ನರ್ಸಮ್ಮ ತಂಗಿಯ ಮೂಗಿಗೆ ಬಟ್ಟಲು ಕಟ್ಟಿ, ಮಿಷನ್ನು ಹಾಕಿ, ಕಾಲು ಗಂಟೆ ಔಷಧಿಯ ಹಬೆ ಕೊಡುತ್ತಿದ್ದಳು. ಅವತ್ತು ತಂಗಿ ಕಾಲು ಚಾಚಿ ಮಲಗುತ್ತಿದ್ದಳು. ನಗುತ್ತಲೂ ಇದ್ದಳು. ಎಂಟು ತಿಂಗಳ ಹಿಂದೆ ನರ್ಸಮ್ಮ, "ಇನ್ನು ಗಾಡಿ ಇಲ್ಲಿಗೆ ಬರಲ್ಲ, ಹೊಳೆಯಾಚೆ ಹಾಕಿದಾರೆ, ಮೇಲಿಂದ ಹಂಗೇ ಆರ್ಡರಾಗಿದೆ" ಎಂದು ಹೇಳಿ ಹೋದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ದೊಡ್ಡಕ್ಕ ಪಾಲಿಕೆಗೆ ನಾಲ್ಕು ಸಲ ಅಲೆದಳು. ಬಾಗಿಲಲ್ಲಿ ಕೂತವನು ನಾಲ್ಕು ಸಲವೂ ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂದ.

ಯಾಕೆಂಬುದು ಆ ಮಧ್ಯಾಹ್ನ ತಿಳಿಯಿತು. ಚೀಲ ಬಡಿದು ತೋರಿಸಿದ ಮೇಲೆ ಥ್ಯಾಂಕ್ಯು ಮತ್ತು ದುಭಾಷಿ ದೊಡ್ಡಕ್ಕನ ಮನೆಗೆ ಬಂದರು. ಒಂದೇ ಕೋಣೆ. ದೊಡ್ಡಕ್ಕ ಚಾಪೆ ಹಾಸಿದಳು. ಮೂಲೆಯಲ್ಲಿ ತಂಗಿ ಗೋಡೆಗೆ ಒರಗಿ ಬಂದವರಿಗೆ ಕೈ ಮುಗಿದಳು. ದುಭಾಷಿ ಹಳೆಯ ಹಾಳೆಯೊಂದನ್ನು ಹೊಸ ಹಾಳೆಯ ಪಕ್ಕ ಇಟ್ಟುಕೊಂಡು ಓದಿದಳು.

"ಅಮ್ಮಾ, ಆರೋಗ್ಯದ ಗಾಡಿ ಬೇರೆ ಕಡೆ ಹೋದ್ಮೇಲೆ ಮನೆಯವರ ಆರೋಗ್ಯದಲ್ಲಿ ಏನಾದ್ರೂ ವ್ಯತ್ಯಾಸ ಆಗಿದೆಯಾ? ಹೆಚ್ಚು, ಕಮ್ಮಿ, ಇದ್ದ ಹಾಗೇ ಇದೆ, ಗೊತ್ತಿಲ್ಲ. ಯಾವುದು?"

ದೊಡ್ಡಕ್ಕ ತಲೆ ಎತ್ತಿದಳು. "ಗಾಡಿ ಹೋಗಿದ್ದು ನಿಮಗ್ಹೆಂಗೆ ಗೊತ್ತು?"

"ಹೋದ ವರ್ಷ ಇವರು ಮಾಡಿದ ವರದೀನ ಪಾಲಿಕೆಯವರು ತಗೊಂಡ್ರಮ್ಮ. ಈ ಓಣೀಲಿ ಕಾಯಿಲೆ ಕಮ್ಮಿ, ಜನ ತೃಪ್ತಿಯಿಂದ ಇದ್ದಾರೆ ಅಂತ ಅದರಲ್ಲಿತ್ತು. ಅದಕ್ಕೇ ಗಾಡೀನ ಅಗತ್ಯ ಇರೋ ಕಡೆ ಕಳಿಸಿದ್ರು. ಕಳಿಸಿದ್ಮೇಲೆ ಏನಾಯ್ತು ಅಂತ ನೋಡೋಕೆ ಈ ವರ್ಷ ಬಂದಿರೋದು."

"ಕಾಯಿಲೆ ಕಮ್ಮಿ ಅಂತ ಹೇಳಿದ್ಯಾರು?"

ದುಭಾಷಿ ಹುಡುಗಿ ಹಳೆಯ ಹಾಳೆ ನೋಡಿದಳು. ಥ್ಯಾಂಕ್ಯುವಿನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಓದಿದಳು. "ಹದಿನೇಳನೇ ಮನೆ. ಊಟ: ಮೂರು ಹೊತ್ತು. ಕೆಲಸದ ಬಗ್ಗೆ ದೂರು: ಇಲ್ಲ. ಮನೆಯಲ್ಲಿ ಕಾಯಿಲೆ: ಇಲ್ಲ. ನೀವೇ ಹೇಳಿದ್ದಮ್ಮ. ಕೆಳಗೆ ನಿಮ್ಮ ಹೆಬ್ಬೆಟ್ಟಿದೆ."

ದೊಡ್ಡಕ್ಕ ಹಾಳೆಯ ಕೆಳಗಿನ ಕಪ್ಪು ಮಚ್ಚೆ ನೋಡಿದಳು. ಹೌದು, ಹೇಳಿದ್ದಳು.

ಮನೆಗೆ ಬಂದವರ ಮುಂದೆ ಕಷ್ಟ ತೋಡಿಕೊಳ್ಳಬಾರದು. ಈ ಓಣಿಯಲ್ಲಿ ಅದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಬಂದವರು ನಿಮ್ಮ ಚಾಪೆಯ ಮೇಲೆ ಕೂತು, ಊಟ ಆಯಿತಾ ಅಂದರೆ ಆಯಿತು ಅನ್ನಬೇಕು. ಚೆನ್ನಾಗಿದ್ದೀರಾ ಅಂದರೆ ಚೆನ್ನಾಗಿದ್ದೇವೆ ಅನ್ನಬೇಕು. ಇಲ್ಲ ಅಂದರೆ ಬಂದವರ ಕೈ ತಮ್ಮ ಜೇಬಿಗೆ ಹೋಗುತ್ತದೆ, ಮನೆಯ ಮಾನ ಹೋಗುತ್ತದೆ. ಹೋದ ವರ್ಷ ಪ್ರಶ್ನೆಯವರು ಅರವತ್ತನಾಲ್ಕು ಪ್ರಶ್ನೆ ಹಿಡಿದು ಬಂದಾಗ ಓಣಿಗೆ ಓಣಿಯೇ ಹಾಗೆ ಹೇಳಿತ್ತು. ಎರಡು ದಿನದಿಂದ ಒಲೆ ಹಚ್ಚದಿದ್ದ ಎದುರು ಮನೆಯ ಮುದುಕಿ, "ಈಗಷ್ಟೇ ಊಟ ಆಯ್ತಪ್ಪ, ನಿಮ್ದಾಯ್ತಾ?" ಎಂದು ತಿರುಗಿ ಕೇಳಿದ್ದಳು. ತಿರುಗಿ ಕೇಳಿದ್ದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಕೆಲಸದ ಪ್ರಶ್ನೆ ಬಂದಾಗ ಧಣಿ ಬಾಗಿಲಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದ. ಮೂಲೆಯಲ್ಲಿ ತಂಗಿ ಕೆಮ್ಮಿದಾಗ, ಯಾರಿಗೆ ಹುಷಾರಿಲ್ಲ ಎಂದು ಥ್ಯಾಂಕ್ಯು ಕೇಳಿದ್ದಳು. "ಏನಿಲ್ಲ, ಒಂಚೂರು ನೆಗಡಿ" ಎಂದು ದೊಡ್ಡಕ್ಕನೇ ಅಂದಿದ್ದಳು.

"ಅದು ಸುಳ್ಳು" ಅಂದಳು ಈಗ. "ಅಳಿಸಿ ಅದನ್ನ. ಕಾಯಿಲೆ ಇದೆ ಅಂತ ಬರ್ಕೊಳ್ಳಿ. ಇವಳೇ ಇದ್ದಾಳಲ್ಲ ಕಣ್ಮುಂದೆ, ನೋಡಿ."

ದುಭಾಷಿ ಹೇಳಿದಳು. ಥ್ಯಾಂಕ್ಯುವಿನ ಮುಖ ಕೆಂಪಾಯಿತು. ಅವಳು ಎದ್ದು ಹೋಗಿ ಮೇಷ್ಟ್ರನ್ನು ಕರೆತಂದಳು. ಅವರು ಒಳ್ಳೆಯ ಮನುಷ್ಯ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದ್ದನ್ನು ದುಭಾಷಿ ಹೇಳಿದಳು: ಹೋದ ವರ್ಷದ ಉತ್ತರ ಮುಗಿದುಹೋದ ಉತ್ತರ, ಅದನ್ನು ತಿದ್ದಿದರೆ ಅಧ್ಯಯನ ಕೆಟ್ಟುಹೋಗುತ್ತದೆ. ಈ ವರ್ಷದ ಉತ್ತರವನ್ನು ಬೇಕಾದರೆ ಹೊಸದಾಗಿ ಬರೆದುಕೊಳ್ಳುತ್ತಾರೆ. ಈ ಸಲದ್ದು ಎರಡೂ ವರ್ಷ ಹೋಲಿಸಿ ಬರೆಯುವ ದೊಡ್ಡ ವರದಿ, ಬರಲು ಎರಡು ವರ್ಷ ಹಿಡಿಯುತ್ತದೆ.

"ಎರಡು ವರ್ಷ ಇವಳು ಉಸಿರು ಹಿಡ್ಕೊಂಡು ಕೂತಿರಬೇಕಾ?"

ಮೇಷ್ಟ್ರಿಗೆ ತುಂಬ ದುಃಖವಾಗಿದೆಯಂತೆ.

"ನಾನಾಡಿದ ಮಾತು ನಂದಲ್ವಾ? ನನ್ನ ಮಾತು ನನಗೆ ವಾಪಸ್ ಕೊಡೋಕೆ ಇವರಪ್ಪನ ಗಂಟೇನು ಹೋಗುತ್ತೆ? ಹಿಂಗೇ ಹೇಳಮ್ಮ ಅವರಿಗೆ. ಒಂದಕ್ಷರ ಬಿಡಬೇಡ."

ದುಭಾಷಿ ಬಿಟ್ಟಳು. ಬಿಟ್ಟದ್ದು ದೊಡ್ಡಕ್ಕನಿಗೆ ಗೊತ್ತಾಯಿತು. ಅಷ್ಟು ಉದ್ದದ ಸಿಟ್ಟು ಅಷ್ಟು ಚಿಕ್ಕ ಮಾತಿನಲ್ಲಿ ಮುಗಿಯಲು ಸಾಧ್ಯವೇ ಇರಲಿಲ್ಲ. ಹೊಸ ಹಾಳೆಗೆ ಹೆಬ್ಬೆಟ್ಟು ಒತ್ತಿ ಎಂದು ಶಾಯಿಯ ಡಬ್ಬಿ ಮುಂದೆ ಚಾಚಿದಾಗ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

ಅವರು ಹೋದ ಮೇಲೆ ತಂಗಿ ಅಂದಳು, ತಡೆದು ತಡೆದು, "ಹೋಗ್ಲಿ ಬಿಡಕ್ಕ. ಮನೆಗೆ... ಬಂದೋರು."

"ಬಾಯ್ಮುಚ್ಚೇ. ಈ ಮಾನ ಮರ್ಯಾದೆಯಿಂದಲೇ ನಾವು ಹಾಳಾಗಿದ್ದು."

ಅಂದಮೇಲೆ ಅವಳಿಗೆ ಅಳು ಬಂತು. ತಂಗಿಯ ಬೆನ್ನ ಹಿಂದೆ ಮಡಿಸಿಟ್ಟ ಖಾಲಿ ಚೀಲಗಳನ್ನು ಸರಿಮಾಡಿ, ಅವಳ ಬೆನ್ನು ನೀವುತ್ತ ಕೂತಳು. ಬೆರಳಿಗೆ ಒಂದೊಂದು ಮೂಳೆಯೂ ಎಣಿಸುವಂತೆ ಸಿಗುತ್ತಿತ್ತು.

ಮಾರನೆಯ ಬೆಳಿಗ್ಗೆ ಶೆಡ್ಡಿನ ನಲ್ಲಿಯ ಹತ್ತಿರ ದೊಡ್ಡಕ್ಕ ಎಲ್ಲರಿಗೂ ವಿಷಯ ಹೇಳಿದಳು. ಹೊಲಿಗೆಯವಳು ಹೇಳಿದಳು, "ನಮ್ಮನೇಲಿ ದಿನಾ ಮೊಟ್ಟೆ ತಿಂತೀವಿ ಅಂತ ಬರೆಸಿದೀನಿ ಕಣಕ್ಕಾ." ಜರಡಿಯವಳು, "ನಾನು ಹಾಲೂ ಸೇರಿಸಿದೆ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತರು. ತಂಗಿಯ ಉಸಿರಿಗೆ ಬರುತ್ತಿದ್ದ ಗಾಡಿಯನ್ನು ಇಪ್ಪತ್ತೆರಡು ಮಂದಿಯೂ ಸೇರಿ ತಳ್ಳಿ ಕಳಿಸಿದ್ದರು. ಮಾನಕ್ಕಾಗಿ.

"ಶುಕ್ರವಾರ ಪಾಲಿಕೆಯ ಮೀಟಿಂಗ್ ಹಾಲ್‌ನಲ್ಲಿ ಪ್ರಶ್ನೆಯವರ ಸಭೆ ಇದೆಯಂತೆ" ಅಂದಳು ದೊಡ್ಡಕ್ಕ. "ನಮ್ಮನ್ನೂ ಕರೆದಿದ್ದಾರೆ. ತೊಳೆದ ಬಟ್ಟೆ ಉಟ್ಕೊಂಡು ಬರಬೇಕಂತೆ. ಅಲ್ಲೀವರೆಗೂ ಯಾರೂ ಹೆಬ್ಬೆಟ್ಟು ಒತ್ತಬೇಡಿ. ಸಭೇಲಿ ಆಫೀಸರ್ ಮುಂದೆ ನಿಜ ಹೇಳೋಣ."

ಯಾರೂ ಒತ್ತಲಿಲ್ಲ. ಪ್ರಶ್ನೆಯವರು ಮನೆ ಮನೆಗೂ ಬಂದು ಬರಿಗೈಯಲ್ಲಿ ಹೋದರು. ಹೆಬ್ಬೆಟ್ಟಿಲ್ಲದೆ ಹಾಳೆಗೆ ಬೆಲೆಯಿಲ್ಲ, ಹಾಳೆಯಿಲ್ಲದೆ ತನಗೆ ಡಿಗ್ರಿಯಿಲ್ಲ ಎಂದು ಥ್ಯಾಂಕ್ಯು ಹೊಸಿಲಲ್ಲಿ ಕೂತು ಅತ್ತಳು. ದೊಡ್ಡಕ್ಕನಿಗೆ ಅಯ್ಯೋ ಅನ್ನಿಸಿತು. ನೀರು ಕೊಟ್ಟಳು. ಹೆಬ್ಬೆಟ್ಟು ಕೊಡಲಿಲ್ಲ.

ಶುಕ್ರವಾರ ತಂಗಿಯನ್ನು ಶೆಡ್ಡಿನ ತಳ್ಳುಗಾಡಿಯಲ್ಲಿ ಕೂರಿಸಿ ಕರೆದುಕೊಂಡು ಹೋದರು. ಹಾಲ್‌ನ ಮೆಟ್ಟಿಲ ಮೇಲೆ ಹೊಲಿಗೆಯವಳೂ ಜರಡಿಯವಳೂ ಕೈಗೆ ಕೈ ಹೆಣೆದು, ಅದರ ಮೇಲೆ ಅವಳನ್ನು ಕೂರಿಸಿಕೊಂಡು ಹತ್ತಿದರು. ಭಾರವೇ ಇರಲಿಲ್ಲ. ಒಳಗೆ ಫ್ಯಾನು ತಿರುಗುತ್ತಿತ್ತು. ಮುಂದಿನ ಸಾಲಿನಲ್ಲಿ ಪಾಲಿಕೆಯ ಆಫೀಸರು, ಧಣಿ, ಮೇಷ್ಟ್ರು ಕೂತಿದ್ದರು. ಹೆಂಗಸರಿಗೆ ಕೊನೆಯ ಸಾಲು.

ದೀಪ ಆರಿಸಿದರು. ಗೋಡೆಯ ತುಂಬ ದೊಡ್ಡಕ್ಕ ಎದ್ದು ನಿಂತಳು. ಚೀಲ ಬಡಿದಳು. ಧೂಳು ಎದ್ದಿತು. ಆನೆಯಷ್ಟು ದೊಡ್ಡ ದೊಡ್ಡಕ್ಕ ಸೊಂಟ ಹಿಡಿದು ಬಗ್ಗಿ ಕೆಮ್ಮಿದಳು. ಕೆಮ್ಮಿನ ಸದ್ದು ತೆಗೆದು ಅದರ ಜಾಗದಲ್ಲಿ ಕೊಳಲು ಹಾಕಿದ್ದರು. ಸಭೆ ಚಪ್ಪಾಳೆ ತಟ್ಟಿತು. ದೊಡ್ಡಕ್ಕ ಬತ್ತಲೆ ನಿಂತವಳಂತೆ ಕುಗ್ಗಿಹೋದಳು. ಮುಖದ ಬಟ್ಟೆ ಬಿಚ್ಚಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ದೀಪ ಹತ್ತಿದ ಕೂಡಲೇ ಅವಳು ಎದ್ದಳು. ತಂಗಿಯನ್ನು ತೋಳಲ್ಲಿ ಆತುಕೊಂಡು ನಡುದಾರಿಯಲ್ಲಿ ನಡೆಸಿಕೊಂಡು ಹೋಗಿ, ಆಫೀಸರ ಎದುರಿಗಿದ್ದ ಕುರ್ಚಿಯಲ್ಲಿ ಕೂರಿಸಿದಳು.

"ಸಾಹೇಬ್ರೇ, ನಮ್ಮ ಓಣೀಲಿ ಕಾಯಿಲೆ ಇಲ್ಲ ಅಂತ ನಿಮ್ಮ ಕಾಗದದಲ್ಲಿದೆ. ಇವಳನ್ನ ನೋಡಿ ಹೇಳಿ."

ಆಫೀಸರು ಪಾಪಿಯಲ್ಲ, ಪುಣ್ಯವಂತನೂ ಅಲ್ಲ. ಬಗ್ಗಿ, ನಾಲ್ಕು ಜನರ ಮುಂದೆ ಕೇಳುವ ದನಿಯಲ್ಲಿ ತಂಗಿಯನ್ನು ಕೇಳಿದ. "ಏನಮ್ಮಾ, ಹೇಗಿದ್ದೀಯಾ?"

ತಂಗಿ ಕೈ ಮುಗಿದಳು. ಉಸಿರು ಕೂಡಿಸಿಕೊಂಡಳು. ಮುಖದಲ್ಲಿ ನಗು ತಂದುಕೊಂಡಳು.

"ಚೆನ್ನಾಗಿದ್ದೀನಿ... ಸ್ವಾಮಿ."

ಮುಂದಿನ ಸಾಲು ನಿರಾಳವಾಯಿತು. ಧಣಿ ಕಾಲ ಮೇಲೆ ಕಾಲು ಹಾಕಿಕೊಂಡ. ನೋಡಿದಿರಲ್ಲ ಎನ್ನುವಂತೆ ಆಫೀಸರು ಮೇಷ್ಟ್ರ ಕಡೆ ತಿರುಗಿದ.

ದೊಡ್ಡಕ್ಕ ತಂಗಿಯ ಎರಡೂ ಭುಜ ಹಿಡಿದು ಅಲುಗಾಡಿಸಿದಳು. ಜೀವಮಾನದಲ್ಲಿ ಅವಳ ಮೇಲೆ ಕೈ ಎತ್ತಿದವಳಲ್ಲ. "ಯಾರ ಮಾನ ಕಾಯ್ತಿದ್ದೀಯೇ? ಇವರದಾ? ಉಸಿರಿಲ್ಲ ಅಂತ ಹೇಳೇ! ಹನ್ನೆರಡನೇ ವಯಸ್ಸಿಂದ ಧೂಳು ಕುಡಿದಿದ್ದೀನಿ ಅಂತ ಹೇಳೇ! ನನ್ನ ಮುಖ ನೋಡಬೇಡ, ಅವನ ಮುಖ ನೋಡಿ ಹೇಳು!"

ತಂಗಿಯ ನಗು ಹೋಯಿತು. ಮುಖ ತಗ್ಗಿತು. ಸೋತವಳ ನಾಚಿಕೆ ಅವಳ ಕಿವಿಯವರೆಗೂ ಹರಡಿತು. ಅವಳ ಎದೆಯ ಸಿಳ್ಳು ಕೊನೆಯ ಸಾಲಿನವರೆಗೂ ಕೇಳಿಸುತ್ತಿತ್ತು. ಆಮೇಲೆ ಅವಳು ಆಫೀಸರ ಮುಖ ನೋಡಿದಳು.

"ಸಾಯ್ತಿದ್ದೀನಿ" ಅಂದಳು.

ಆಫೀಸರು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಕೊನೆಯ ಸಾಲಿನಲ್ಲಿ ಹೊಲಿಗೆಯವಳು ಎದ್ದಳು. "ನಮ್ಮನೇಲಿ ಒಂದೇ ಹೊತ್ತು ಊಟ. ಮೊಟ್ಟೆ ಅಂದಿದ್ದು ಸುಳ್ಳು." ಜರಡಿಯವಳು ಎದ್ದಳು. "ನಾನು ರಕ್ತ ಕೆಮ್ಮಿ ಮೂರು ತಿಂಗಳಾಯ್ತು. ಧಣಿ ಬಿಡಿಸಿಬಿಡ್ತಾನೆ ಅಂತ ಹೇಳ್ಲಿಲ್ಲ." ಒಲೆ ಹಚ್ಚದಿದ್ದ ಮುದುಕಿ ಎದ್ದು, ಏನು ಹೇಳುವುದೋ ತಿಳಿಯದೆ, "ನನ್ನದೂ ಸುಳ್ಳು" ಅಂದಳು. ಈ ಸಲ ದುಭಾಷಿ ಹುಡುಗಿ ಒಂದಕ್ಷರವನ್ನೂ ಬಿಡಲಿಲ್ಲ. ಕ್ಯಾಮೆರಾದ ಹುಡುಗ ಮುಂದೆ ಬಂದ. ದೊಡ್ಡಕ್ಕ ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. "ಇದು ತೋರಿಸೋಕಲ್ಲ. ಆ ಕಡೆ ಹೋಗು."

ಧಣಿ ಎದ್ದು ಕೂಗಿದ. "ನಾಳೆಯಿಂದ ಒಬ್ಬಳೂ ಶೆಡ್ಡಿನ ಕಡೆ ತಲೆ ಹಾಕಬೇಡಿ!"

"ಹಾಕಲ್ಲ ಹೋಗಯ್ಯ. ಕಿಟಕಿಯ ಹಲಗೆ ಕಿತ್ತು ಹಾಕೋವರೆಗೂ ನಿನ್ನ ಚೀಲ ನೀನೇ ಬಡ್ಕೋ."

ಬರೆದು ಕೊಡಿ, ನೋಡೋಣ ಅಂದ ಆಫೀಸರು. "ಬರೆದಿದ್ದು ಸಾಕು" ಅಂದಳು ದೊಡ್ಡಕ್ಕ. "ಈಗಲೇ ಗಾಡಿ ಕರೆಸಿ. ಬರೋವರೆಗೂ ಏಳಲ್ಲ." ಇಪ್ಪತ್ತೊಂದು ಹೆಂಗಸರು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತರು. ಆಫೀಸರು ಫೋನ್ ಮಾಡಿದ. ಗಾಡಿ ಹೊಳೆಯಾಚೆ ಇತ್ತು. ಬರುತ್ತಿದೆ ಎಂದರು. ಅಷ್ಟರಲ್ಲಿ ತಂಗಿ ಏದುತ್ತ ಕುರ್ಚಿಯಿಂದ ಕೆಳಕ್ಕೆ ಜಾರಿದಳು. ಮೇಷ್ಟ್ರೇ ಎದ್ದು ಹೋಗಿ ಬಾಡಿಗೆ ಕಾರು ಹುಡುಕಿದರು, ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದರು. ಎತ್ತಲು ಹೋದರೆ ತಂಗಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅಲುಗಾಡಿಸಬೇಡಿ ಎಂದು ನರ್ಸಮ್ಮ ಫೋನಿನಲ್ಲೇ ಹೇಳಿದಳು. ದೊಡ್ಡಕ್ಕ ತಂಗಿಯ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡು ಕೂತಳು. ಥ್ಯಾಂಕ್ಯು ಪುಸ್ತಕ ಬದಿಗಿಟ್ಟು ಗಾಳಿ ಬೀಸಿದಳು.

ಗಾಡಿಯ ಹಾರ್ನು ಕೇಳಿದಾಗ ಹೊತ್ತು ಇಳಿಯುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ತಂಗಿಯ ಎದೆಯ ಸಿಳ್ಳು ನಿಂತಿತ್ತು. ನಿದ್ದೆ ಹತ್ತಿತೇನೋ ಅಂದುಕೊಂಡು ದೊಡ್ಡಕ್ಕ ಯಾರಿಗೂ ಮಾತಾಡಲು ಬಿಟ್ಟಿರಲಿಲ್ಲ.

ನರ್ಸಮ್ಮ ಕೈ ನೋಡಿದಳು, ಕಣ್ಣು ನೋಡಿದಳು. ತಂದ ಬಟ್ಟಲನ್ನು ಪೆಟ್ಟಿಗೆಯೊಳಗೇ ಇಟ್ಟಳು. ಕಾಗದ ತೆಗೆದಳು. ಸತ್ತವರ ಕಾಗದ. ದೊಡ್ಡಕ್ಕ ಅಳಲಿಲ್ಲ. ತಂಗಿಯ ತಲೆ ಅವಳ ತೊಡೆಯ ಮೇಲಿತ್ತು. ಹುಬ್ಬಿನಲ್ಲಿ ಉಳಿದ ಸಿಮೆಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತಿದ್ದಳು.

"ಕಾರಣ ಏನಂತ ಬರೀಲಿ?" ನರ್ಸಮ್ಮ ಆಫೀಸರನ್ನು ಕೇಳಿದಳು.

"ಉಸಿರಾಟದ ತೊಂದರೆ ಅಂತ ಬರ್ದುಬಿಡಿ."

"ಹಳೇ ಕಾಯಿಲೆ ಅನ್ನಿ" ಅಂದ ಧಣಿ.

"ಸಿಮೆಂಟು ಅಂತ ಬರೀರಿ" ಅಂದಳು ದೊಡ್ಡಕ್ಕ. ದನಿ ಏರಲಿಲ್ಲ. "ಸಿಮೆಂಟ್ ಧೂಳು. ಶೆಡ್ಡಿನ ಹೆಸರು, ಧಣಿ ಹೆಸರು. ಗಾಡಿ ನಿಲ್ಲಿಸಿ ಎಂಟು ತಿಂಗಳಾಗಿತ್ತು ಅಂತ. ಬರೀದಿದ್ರೆ ಹೆಬ್ಬೆಟ್ಟು ಒತ್ತಲ್ಲ, ಹೆಣಾನೂ ಎತ್ತಲ್ಲ. ಇಲ್ಲೇ ಇರ್ಲಿ, ನಿಮ್ಮ ಹಾಲ್‌ನಲ್ಲೇ."

ಬಾಗಿಲಲ್ಲಿ ಕೂತ ಹೆಂಗಸರು ಕದಲಲಿಲ್ಲ. ಆಫೀಸರು ಧಣಿಯನ್ನು ನೋಡಿದ, ಗಡಿಯಾರ ನೋಡಿದ. ನರ್ಸಮ್ಮ ಯಾರನ್ನೂ ನೋಡದೆ ಬರೆದಳು. ದೊಡ್ಡಕ್ಕ ಕಾಗದ ಕಸಿದುಕೊಂಡು ದುಭಾಷಿ ಹುಡುಗಿಗೆ ಕೊಟ್ಟಳು. "ಓದು." ಓದಿದಳು. "ಇನ್ನೊಂದ್ಸಲ ಓದು. ಗಟ್ಟಿಯಾಗಿ." ಓದಿದಳು. ಒಂದಕ್ಷರವೂ ಕಮ್ಮಿಯಿಲ್ಲವೆಂದು ಖಾತ್ರಿಯಾದ ಮೇಲೆ ದೊಡ್ಡಕ್ಕ ಶಾಯಿಗೆ ಹೆಬ್ಬೆರಳು ಅದ್ದಿ ಒತ್ತಿದಳು.

ನರ್ಸಮ್ಮ ಕಾಗದವನ್ನು ಬೆಳಕಿಗೆ ಹಿಡಿದಳು. ಕಾಗದದ ಮೇಲೆ ಬರೀ ಕಪ್ಪು ಮಚ್ಚೆ. "ಗೆರೆ ಮೂಡಿಲ್ಲ ಕಣಮ್ಮ" ಅಂದಳು. ದೊಡ್ಡಕ್ಕ ಇನ್ನೊಂದು ಕೈಯ ಹೆಬ್ಬೆರಳು ಒತ್ತಿದಳು. ಅಲ್ಲೂ ಬರೀ ಮಚ್ಚೆ.

"ಬೆರಳಲ್ಲಿ ಗೆರೇನೇ ಇಲ್ವಲ್ಲ!"

"ಅದನ್ನೂ ಸಿಮೆಂಟೇ ತಿಂದಿದೆ" ಅಂದಳು ದೊಡ್ಡಕ್ಕ. "ಅದನ್ನೂ ಬರ್ಕೊಳ್ಳಿ."